ಪದ್ಮಿನಿ ನೀಲಿ ಹೊಗೆ ಬಿಡುತ್ತಿದೆ, ಇಂಜಿನ್ ಬೋರ್ ಮಾಡಿಸಲೇಬೇಕಾ?

ಗಿರಿನಗರದ ಪದ್ಮಿನಿ:
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಕಾರು ನನ್ನ ಹತ್ತಿರ ಇದೆ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಶೆಡ್‌ನಲ್ಲೇ ನಿಂತಿತ್ತು. ಈಗ ವಾರಕ್ಕೊಮ್ಮೆ ಓಡಿಸುತ್ತೇನೆ.

ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬರುತ್ತದೆ, ಅರ್ಧ ನಿಮಿಷಕ್ಕೆ ನಿಂತುಹೋಗುತ್ತದೆ. ಹೋದ ಭಾನುವಾರ ನಂದಿ ಬೆಟ್ಟಕ್ಕೆ ಹೋಗಿದ್ದೆವು. ಎರಡನೇ ಗೇರಿನಲ್ಲೇ ಇಳಿಸಿಕೊಂಡು ಬಂದೆ. ಕೆಳಗೆ ಬಂದು ಆಕ್ಸಿಲರೇಟರ್ ತುಳಿದರೆ ಹಿಂದೆ ಬರುವವರು ಕಾಣದಷ್ಟು ಹೊಗೆ. ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ (ಐಡ್ಲಿಂಗ್) ಮಿಸ್ಸಿಂಗ್ ಕೂಡ ಇದೆ, ಅಂದರೆ ಆಗಾಗ ಒಂದು ಸಿಲಿಂಡರ್ ಉರಿಯದೆ ಗಾಡಿ ನಡುಗುತ್ತದೆ. ಮೆಕ್ಯಾನಿಕ್ ಹೊಗೆ ನೋಡಿದವರೇ "ಇಂಜಿನ್ ಹೋಗಿದೆ, ಬೋರ್ ಮಾಡಿಸಿ ಪಿಸ್ಟನ್ ಸೆಟ್ ಹಾಕಬೇಕು" ಅಂದರು. ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸುವುದು. ಮಾಡಿಸಿಬಿಡಲಾ?

ಹಳೇ ಕಾರ್ಬುರೇಟರ್:
ಸರ್, ದಯವಿಟ್ಟು ಈಗಲೇ ಇಂಜಿನ್ ಬಿಚ್ಚಿಸಬೇಡಿ. ಹೊಗೆ ಯಾವಾಗ ಬರುತ್ತದೆ ಅಂತ ನೀವು ಚೆನ್ನಾಗಿ ಗಮನಿಸಿದ್ದೀರಿ. ಅದರಲ್ಲೇ ಅರ್ಧ ಉತ್ತರ ಇದೆ.

ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದ್ದರೆ ಏರು ಹತ್ತುವಾಗ, ಲೋಡ್ ಬಿದ್ದಾಗ ಒಂದೇ ಸಮ ಹೊಗೆ ಬರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸು ಅಂತ ಬರುತ್ತದೆ. ನಿಮ್ಮದು ಹಾಗಲ್ಲ ಅಲ್ವಾ? ರಾತ್ರಿಯೆಲ್ಲಾ ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಆಡುವ ಕೊಳವೆ) ಸಂದಿನಿಂದ ಆಯಿಲ್ ಇಳಿದಿರುತ್ತದೆ, ಬೆಳಗ್ಗೆ ಅದು ಉರಿಯುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಇಂಜಿನ್ ಒಳಗೆ ಎಳೆತ ಜಾಸ್ತಿ, ಆಗಲೂ ಅದೇ ಸಂದಿನಿಂದ ಆಯಿಲ್ ಹೀರುತ್ತದೆ. ಹಾಗಾಗಿ ನನಗೆ ಅನುಮಾನ ಗೈಡ್ ಮೇಲೆ. ಮಿಸ್ಸಿಂಗ್ ಯಾಕೆ ಅಂತ ಅಳೆದೇ ನೋಡಬೇಕು.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಒಂದು ತಗೊಳ್ಳಿ, ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬ್ಯಾಟರಿ ಫುಲ್ ಚಾರ್ಜ್ ಇರಲಿ. ಇಂಜಿನ್ ಬಿಸಿ ಮಾಡಿ, ಕಾಯಿಲ್ ವೈರ್ ಕಳಚಿ, ನಾಲ್ಕೂ ಪ್ಲಗ್ ತೆಗೆದು, ಪ್ಲಗ್ ತೂತಿಗೆ ಗೇಜ್ ಕೂರಿಸಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಲಿ. ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಸಾಕು. ಆಮೇಲೆ ಅದೇ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿ. ರೀಡಿಂಗ್ ಚೆನ್ನಾಗಿ ಏರಿದರೆ ರಿಂಗ್ ದೋಷ. ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಕೆಳಗಿನ ಸೀಲ್) ನೋಡಬೇಕು.

ಇನ್ನೊಂದು ಮಾತು. ಕಾರಿನ ಪುಸ್ತಕದಲ್ಲಿ ಬರೆದ ಅಂಕಿ ನೋಡಿ ಗಾಬರಿಯಾಗಬೇಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಕಂಪ್ರೆಷನ್ ಅಷ್ಟೇ ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ ಸರಿ ಅನಿಸುವ ಇಂಜಿನ್ ಇಲ್ಲಿ ಸುಮ್ನೆ "ವೀಕ್" ಅನಿಸಿಕೊಳ್ಳುತ್ತದೆ. ನಾಲ್ಕು ಸಿಲಿಂಡರ್‌ಗಳ ನಡುವೆ ಎಷ್ಟು ವ್ಯತ್ಯಾಸ ಇದೆ, ಅದನ್ನು ನೋಡಿ.

ಗಿರಿನಗರದ ಪದ್ಮಿನಿ:
ನೋಡಿದೆ ಸರ್. ಒಂದರಿಂದ ನಾಲ್ಕರವರೆಗೆ 122, 120, 84, 118 ಪಿಎಸ್‌ಐ (ಒತ್ತಡದ ಅಳತೆ). ಆಯಿಲ್ ಬಿಟ್ಟ ಮೇಲೆ ಮೂರನೆಯದು 88 ಅಷ್ಟೇ. ಅದರ ಪ್ಲಗ್ ಕಪ್ಪಗೆ ಒದ್ದೆಯಾಗಿತ್ತು.

ಹಳೇ ಕಾರ್ಬುರೇಟರ್:
ಹಾಗಾದರೆ ಬೋರ್ ತಂಟೆ ಇಲ್ಲ. ಮೂರನೇ ಸಿಲಿಂಡರಿನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಹೆಡ್ ಇಳಿಸುವ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡಿ, ಅದು ಟೈಟ್ ಆಗಿದ್ದರೂ ಹೀಗೇ ಆಗುತ್ತದೆ. ಹಾಗೇ ಐಡ್ಲಿಂಗ್‌ನಲ್ಲಿ ಸೈಲೆನ್ಸರ್ ಬಾಯಿಗೆ ಒಂದು ಕಾಗದ ಹಿಡಿಯಿರಿ. ಆಗಾಗ ಒಳಗೆ ಎಳೆದುಕೊಂಡರೆ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟಿರಬಹುದು.

ಗಿರಿನಗರದ ಪದ್ಮಿನಿ:
ಕಾಗದ ಎಳೆಯಿತು! ಮೂರನೇ ಎಕ್ಸಾಸ್ಟ್ ಟ್ಯಾಪೆಟ್‌ನಲ್ಲಿ ಗ್ಯಾಪೇ ಇರಲಿಲ್ಲ. ಸರಿ ಮಾಡಿದರೂ 90 ದಾಟಲಿಲ್ಲ. ಕೊನೆಗೆ ಬೇರೆ ಮೆಕ್ಯಾನಿಕ್ ಹತ್ತಿರ ಹೆಡ್ ಇಳಿಸಿದೆವು. ವಾಲ್ವಿನ ಅಂಚು ಒಂದು ಕಡೆ ಸುಟ್ಟು ಚೂರು ಹಾರಿಹೋಗಿತ್ತು. ಗೈಡ್‌ಗಳೂ ಲೂಸ್. ಬೋರಿನ ಮೇಲಂಚಿನಲ್ಲಿ ಉಗುರು ಆಡಿಸಿದೆ, ಎಲ್ಲೂ ತಡೆಯಲಿಲ್ಲ, ಅಂದರೆ ಬೋರ್ ಸವೆದಿಲ್ಲ. ಗ್ಯಾಪ್ ಯಾಕೆ ಮುಚ್ಚಿಹೋಯಿತು ಸರ್?

ಹಳೇ ಕಾರ್ಬುರೇಟರ್:
ವಾಲ್ವ್ ಸೀಟ್ (ಹೆಡ್‌ನಲ್ಲಿ ವಾಲ್ವ್ ಕೂರುವ ಉಂಗುರ) ಸವೆದು ವಾಲ್ವ್ ಒಳಗೆ ಇಳಿಯುತ್ತಾ ಹೋದರೆ ಗ್ಯಾಪ್ ಮುಚ್ಚುತ್ತದೆ. ಆಮೇಲೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಅದರ ಶಾಖ ಸೀಟಿಗೆ ಇಳಿಯುವುದಿಲ್ಲ, ವಾಲ್ವ್ ಸುಡುತ್ತದೆ. ಆ ಕಾಲದ ಪೆಟ್ರೋಲಿನಲ್ಲಿದ್ದ ಸೀಸ ಸೀಟನ್ನು ಕಾಪಾಡುತ್ತಿತ್ತು. 2000ದಿಂದ ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತಿತು. ಲೇತ್‌ನವರಿಗೆ ಹೇಳಿ, ಎಕ್ಸಾಸ್ಟ್‌ಗೆ ಗಟ್ಟಿ ಸೀಟ್ ಕೂರಿಸಲಿ. ಗೈಡ್ ಬದಲಾಯಿಸಿದ ಮೇಲೆಯೇ ಸೀಟ್ ಕಟ್ ಮಾಡಬೇಕು, ಇಲ್ಲದಿದ್ದರೆ ನೇರ ಬರುವುದಿಲ್ಲ.

ಗಿರಿನಗರದ ಪದ್ಮಿನಿ:
ಹಾಗೇ ಮಾಡಿಸಿದೆ. ಈಗ 124, 122, 121, 120. ಬೆಳಗ್ಗೆ ಹೊಗೆ ಇಲ್ಲ, ನಡುಕ ಇಲ್ಲ. ಅಮ್ಮ ಶಬ್ದ ಕೇಳಿ ಹೊರಗೆ ಬಂದು, "ಅಪ್ಪ ಓಡಿಸುತ್ತಿದ್ದಾಗ ಹೀಗೇ ಇತ್ತು" ಅಂದರು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಸರ್.

ಹಳೇ ಕಾರ್ಬುರೇಟರ್:
ತುಂಬಾ ಖುಷಿಯಾಯಿತು. ಅಮ್ಮನನ್ನು ಒಂದು ರೌಂಡ್ ಕರೆದುಕೊಂಡು ಹೋಗಿ. 500 ಕಿ.ಮೀ. ಆದ ಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ ಬೋಲ್ಟ್ ಮತ್ತು ಟ್ಯಾಪೆಟ್ ಇನ್ನೊಮ್ಮೆ ನೋಡಿಸಿ, ಮರೆಯಬೇಡಿ.