ಷೋನಾ, ಟರ್ಕಿಶ್ ಎರಡಕ್ಕೂ ‘ಉಪಭಾಷೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಜಿಂಬಾಬ್ವೆಯ ಷೋನಾ ಮತ್ತು ಟರ್ಕಿಶ್ ಭಾಷೆಗಳಲ್ಲಿ ಊರಿಂದೂರಿಗೆ ಮಾತು ಹೇಗೆ ಬದಲಾಗುತ್ತದೆ ಅಂತ ಹೋಲಿಸಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಉಪಭಾಷೆ’ ಅನ್ನುವ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಟರ್ಕಿಶ್‌ನಲ್ಲಿ ಅಷ್ಟು ತೊಡಕಿಲ್ಲ. ಶಾಲೆಯ ಭಾಷೆಗೆ ಇಸ್ತಾಂಬುಲಿನ ಮಾತೇ ಆಧಾರ. ಅಲ್ಲಿ ‘ಬರ್ತಾ ಇದ್ದೀನಿ’ ಅನ್ನೋಕೆ ‘ಗೆಲಿಯೋರುಮ್’, ಅನತೋಲಿಯಾದ ಎಷ್ಟೋ ಊರುಗಳಲ್ಲಿ ‘ಗೆಲಿಯೋಮ್’. ಹುಡುಗಿಗೆ ‘ಕಿಜ್’ ಬದಲು ‘ಗಿಜ್’. ಇಂಥ ಊರಮಾತಿಗೆ ಅವರು ‘ಆಉಜ್’ ಅನ್ನುತ್ತಾರೆ, ಅಂದರೆ ಬಾಯಿ! ಟರ್ಕಿಶ್‌ನ ಬಳಗದ ಅಜರ್ಬೈಜಾನಿ, ಕಜಕ್‌ನಂಥವಕ್ಕೆ ‘ಶಿವೆ’, ಇನ್ನೂ ದೂರದ ಚುವಾಶ್, ಯಾಕೂತ್‌ಗಳಿಗೆ ‘ಲೆಹ್‌ಚೆ’ ಅಂತ ಅಲ್ಲಿನ ಕೆಲವು ವಿದ್ವಾಂಸರು ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಎಲ್ಲದಕ್ಕೂ ಉಪಭಾಷೆ ಒಂದೇ.

ಕಷ್ಟ ಇರೋದು ಷೋನಾದಲ್ಲಿ. ಜಿಂಬಾಬ್ವೆಯಲ್ಲಿ ಹರಾರೆ ಸುತ್ತ ಜೆಜುರು ಅನ್ನುವ ಮಾತು, ಮಸ್ವಿಂಗೊ ಕಡೆ ಕರಂಗಾ, ಮುತಾರೆ ಕಡೆ ಮನ್ಯಿಕಾ, ಉತ್ತರಕ್ಕೆ ಕೊರೆಕೊರೆ, ಆಗ್ನೇಯಕ್ಕೆ ನ್ದಾವು. ‘ಹುಡುಗರು’ ಅನ್ನೋಕೆ ಜೆಜುರುವಿನಲ್ಲಿ ‘ವಕೊಮನ’. ಮನ್ಯಿಕಾದಲ್ಲೂ ಅದೇ ಪದ, ಆದರೆ ಮೊದಲಕ್ಷರವನ್ನು ತುಟಿ ದುಂಡಗೆ ಮಾಡಿ ‘ಉಅ’ ಅನ್ನುವ ಹಾಗೆ ಹೇಳುತ್ತಾರೆ. ರೋಮನ್ ಲಿಪಿಯಲ್ಲಿ ಬರೆಯುವ ಅವರಿಗೆ ಇವೆರಡಕ್ಕೂ ಬೇರೆ ಅಕ್ಷರವೇ ಇದೆ, ನಮಗೆ ಎರಡಕ್ಕೂ ‘ವ’ನೇ ಗತಿ. ಒಬ್ಬರ ಮಾತು ಇನ್ನೊಬ್ಬರಿಗೆ ಹೆಚ್ಚುಕಮ್ಮಿ ತಿಳಿಯುತ್ತದೆ. ಆದರೆ ಇವೆಲ್ಲ ‘ಷೋನಾ’ ಎಂಬ ಒಂದು ಬರಹದ ಭಾಷೆಯಿಂದ ಒಡೆದು ಬಂದವಲ್ಲ. ಒಂದೊಂದು ಕ್ರೈಸ್ತ ಮಿಶನ್ ತನ್ನ ಸುತ್ತಲ ಮಾತಿನಲ್ಲೇ ಪುಸ್ತಕ ಅಚ್ಚು ಹಾಕುತ್ತಿತ್ತು, ಚಿಶವಾಶದವರು ಜೆಜುರುವಿನಲ್ಲಿ, ಮಾರ್ಗೆನ್‌ಸ್ಟರ್‌ನವರು ಕರಂಗಾದಲ್ಲಿ, ಮೌಂಟ್ ಸೆಲಿಂಡಾದವರು ನ್ದಾವುವಿನಲ್ಲಿ, ಹೀಗೆ. 1931ರಲ್ಲಿ ಭಾಷಾವಿಜ್ಞಾನಿ ಕ್ಲೆಮೆಂಟ್ ಡೋಕ್ ಕೊಟ್ಟ ವರದಿಯ ಮೇಲೆ ಇವನ್ನೆಲ್ಲ ಸೇರಿಸಿ ಒಂದೇ ಬರಹದ ಭಾಷೆ ಕಟ್ಟೋಕೆ ಹೊರಟರು. ಜೆಜುರು, ಕರಂಗಾಗಳಿಗೆ ಅದರಲ್ಲಿ ಜಾಸ್ತಿ ಜಾಗ ಸಿಕ್ಕಿತು. 2013ರ ಸಂವಿಧಾನದಲ್ಲಂತೂ ನ್ದಾವು ಷೋನಾದ ಪಕ್ಕದಲ್ಲೇ ಬೇರೆ ಭಾಷೆಯಾಗಿ ನಿಂತಿದೆ.

ಹೀಗಿರುವಾಗ ಕರಂಗಾವನ್ನು ‘ಷೋನಾದ ಉಪಭಾಷೆ’ ಅಂದರೆ ಹಿಂದುಮುಂದಾಗುತ್ತದೆ ಅಲ್ವಾ? ‘ಉಪ’ ಅಂದ ಕೂಡಲೇ ದೊಡ್ಡದೊಂದು ಮೊದಲೇ ಇತ್ತು, ಇದು ಅದರ ಕೈಕೆಳಗಿನದು ಅನ್ನುವ ಭಾವನೆ ಬರುತ್ತದೆ. ನನಗಂತೂ ಇದು ಆ ಜನರಿಗೆ ಮಾಡುವ ಅನ್ಯಾಯ ಅನ್ನಿಸುತ್ತದೆ.

ಟರ್ಕಿಶ್‌ಗೆ ‘ಒಳನುಡಿ’, ಷೋನಾಕ್ಕೆ ‘ಸೋದರನುಡಿ’ ಅಂತ ಬಳಸೋಣ ಅಂತಿದ್ದೇನೆ. ಆದರೆ ತಮಿಳು, ತೆಲುಗುಗಳನ್ನೂ ನಾವು ಕನ್ನಡದ ಸೋದರಭಾಷೆ ಅಂತೀವಿ, ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸುಮ್ನೆ ಕೇಳಿದರೆ ತಿಳಿಯೋದಿಲ್ಲ. ಅದಕ್ಕಿಂತ ಹತ್ತಿರದ ನಂಟು ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ? ಇದ್ದರೆ ಯಾವ ಊರಿನದು ಅಂತಲೂ ತಿಳಿಸಿ.