ಚಿಕ್ಕ ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿ: ಮನೆಯ ಆರ್‌ಒ ನೀರು ಸಾಕೇ, ಡಿಐ ಬೇಕೇ?

ಹೊಸಅಲೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 60 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ ಮತ್ತು ಪಾಚಿ ತಿನ್ನಲೆಂದು ಬಿಟ್ಟ ಕೆಲವು ಬಸವನಹುಳುಗಳಿವೆ. ಮೊದಲು ಮರಳಿನ ಮೇಲೆ ಕಂದು ಬಣ್ಣದ ಪುಡಿಯಂತಹ ಪಾಚಿ ಹರಡಿತು. ಈಗ ಕಲ್ಲುಗಳ ಮೇಲೆ ಹಸಿರು ಕೂದಲಿನಂತಹ ಪಾಚಿಯೂ ಬೆಳೆಯುತ್ತಿದ್ದು, ಬ್ರಷ್‌ನಿಂದ ಉಜ್ಜಿ ತೆಗೆದರೂ ವಾರದೊಳಗೆ ಮತ್ತೆ ಬರುತ್ತದೆ. ಬಸವನಹುಳುಗಳೂ ಒಂದೊಂದಾಗಿ ಸಾಯುತ್ತಿವೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ನೀರು ಮತ್ತು ಬೋರ್‌ವೆಲ್ ನೀರು ಒಂದೇ ಸಂಪಿಗೆ ಬೀಳುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ನಲ್ಲಿ ನೀರಿನ ಟಿಡಿಎಸ್ (ಕರಗಿರುವ ಒಟ್ಟು ಲವಣಗಳ ಪ್ರಮಾಣ, ಲೀಟರಿಗೆ ಮಿಲಿಗ್ರಾಂಗಳಲ್ಲಿ) 620, ಅಡುಗೆಮನೆಯ ಆರ್‌ಒ ಯಂತ್ರದ ನೀರಿನದು 85. ಉಪ್ಪು ಕಲಸುವುದಕ್ಕೂ, ಆವಿಯಾದಷ್ಟು ನೀರನ್ನು ತುಂಬುವುದಕ್ಕೂ ಈ ಆರ್‌ಒ ನೀರನ್ನೇ ಬಳಸುತ್ತಿದ್ದೇನೆ. ಯುವಿ ದೀಪ ಹಾಕಿಸಿದರೆ ಪಾಚಿ ನಿಲ್ಲುತ್ತದೆ ಎಂದು ಒಬ್ಬರು, ಸಾಫ್ಟ್‌ನರ್ ನೀರು ಸಾಕು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಡಿಐ (ಡಿಅಯೊನೈಸೇಶನ್, ಅಂದರೆ ರೆಸಿನ್ ಎಂಬ ಸಣ್ಣ ಮಣಿಗಳ ಮೂಲಕ ಹಾಯಿಸಿ ನೀರಿನಲ್ಲಿ ಉಳಿದ ಲವಣಗಳನ್ನು ತೆಗೆಯುವುದು) ಎಂಬುದರ ಬಗ್ಗೆಯೂ ಕೇಳಿದ್ದೇನೆ. ಇಷ್ಟು ಚಿಕ್ಕ ತೊಟ್ಟಿಗೆ ಯಾವುದು ನಿಜವಾಗಿ ಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ನೀಲಿಚಿಪ್ಪು

85 ಎಂಬ ಅಂಕಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಹೇಳುತ್ತಿದೆ. ಸುಸ್ಥಿತಿಯಲ್ಲಿರುವ ಆರ್‌ಒ ಮೆಂಬ್ರೇನ್ (ನೀರನ್ನು ಸೋಸುವ ಸೂಕ್ಷ್ಮ ಪೊರೆ) ನೀರಿನಲ್ಲಿ ಕರಗಿರುವ ಲವಣಗಳಲ್ಲಿ ಶೇ. 95ಕ್ಕಿಂತ ಹೆಚ್ಚಿನದನ್ನು ತಡೆಯುತ್ತದೆ. ಹಾಗಿದ್ದರೆ 620 ಟಿಡಿಎಸ್ ಇರುವ ನೀರು ಸುಮಾರು 30ಕ್ಕೆ ಇಳಿಯಬೇಕಿತ್ತು. ನಿಮ್ಮಲ್ಲಿ 85 ಬರುತ್ತಿದೆ ಎಂದರೆ ಮೆಂಬ್ರೇನ್ ಹಳತಾಗಿರಬೇಕು, ಇಲ್ಲವೇ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಇರಬೇಕು. ನೀರು ತೀರಾ ಸಪ್ಪೆಯಾಗದಿರಲೆಂದು ಕುಡಿಯುವ ನೀರಿನ ಯಂತ್ರಗಳಲ್ಲಿ ಈ ಕಂಟ್ರೋಲರ್ ಮೂಲಕ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಮರಳಿ ಬೆರೆಸುತ್ತಾರೆ. ಮನುಷ್ಯರಿಗೆ ಅದು ಸರಿ, ಅಕ್ವೇರಿಯಂಗೆ ಸಲ್ಲದು.

ಅದಕ್ಕಿಂತ ಮೊದಲು ನೋಡಬೇಕಾದದ್ದು ತಾಮ್ರ. ಈಚಿನ ಅನೇಕ ಯಂತ್ರಗಳಲ್ಲಿ ಕುಡಿಯುವ ನೀರಿಗೆ ತಾಮ್ರದ ಅಂಶ ಸೇರಿಸುವ ಕಾಟ್ರಿಡ್ಜ್ ಇರುತ್ತದೆ. ಮೀನು ಸಹಿಸಿಕೊಳ್ಳುವಷ್ಟು ತಾಮ್ರವೂ ಸೀಗಡಿ, ಬಸವನಹುಳು, ಹವಳಗಳಂತಹ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ. ಪಾಚಿ ತಿನ್ನುವ ಹುಳುಗಳೇ ಸತ್ತರೆ ಪಾಚಿಯನ್ನು ತಡೆಯುವವರು ಯಾರು? ಸತ್ತ ಹುಳು ಕೊಳೆತು ಅದೇ ಪಾಚಿಗೆ ಗೊಬ್ಬರವೂ ಆಗುತ್ತದೆ. ನಿಮ್ಮ ಹುಳುಗಳ ಸಾವಿಗೆ ಇದೇ ಕಾರಣವೆಂದು ಇಲ್ಲಿಂದಲೇ ಹೇಳಲಾಗದು, ಆದರೆ ಯಂತ್ರದ ಮೇಲೆ ಕಾಪರ್ ಎಂದು ಬರೆದಿದ್ದರೆ ಆ ನಲ್ಲಿಯ ನೀರನ್ನು ಇಂದೇ ನಿಲ್ಲಿಸಿ. ನೀರು ಹಿಡಿಯಲು ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯನ್ನೂ ಬಳಸಬೇಡಿ.

ಬೋರ್‌ವೆಲ್ ನೀರಿಗೆಂದು ಜೋಡಿಸುವ ಆಂಟಿಸ್ಕೇಲಂಟ್ (ಮೆಂಬ್ರೇನ್ ಮೇಲೆ ಸುಣ್ಣದಂತಹ ಪದರ ಕಟ್ಟದಂತೆ ತಡೆಯುವ) ಕಾಟ್ರಿಡ್ಜನ್ನೂ ಗಮನಿಸಿ. ಅದರೊಳಗಿನ ಬಿಳಿ ಗೋಲಿಗಳು ಬಹುತೇಕ ಪಾಲಿಫಾಸ್ಫೇಟ್. ಮೆಂಬ್ರೇನ್ ಅದರ ಹೆಚ್ಚಿನ ಭಾಗವನ್ನು ತಡೆಯುತ್ತದೆ. ಆದರೆ ಕಂಟ್ರೋಲರ್ ಮೂಲಕ ಬೆರೆಯುವ ನೀರಿನಲ್ಲಿ ಆ ಫಾಸ್ಫೇಟ್ ಹಾಗೆಯೇ ಬರುವ ಸಾಧ್ಯತೆ ಇದೆ.

ಇನ್ನು ನೀವು ಕೇಳಿದ ಆಯ್ಕೆಗಳು. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ತರುತ್ತದೆಯೇ ಹೊರತು ಪಾಚಿಗೆ ಆಹಾರವಾಗುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳನ್ನು ಮುಟ್ಟುವುದಿಲ್ಲ. ಯುವಿ ನೀರಿನಲ್ಲಿ ತೇಲುವ ಜೀವಾಣುಗಳನ್ನು ಕೊಲ್ಲುತ್ತದೆ, ಕರಗಿದ ಪೋಷಕಾಂಶಗಳನ್ನಲ್ಲ. ಕಲ್ಲಿಗೆ ಅಂಟಿ ಬೆಳೆದ ಪಾಚಿಗಂತೂ ಅದು ತಾಗುವುದೇ ಇಲ್ಲ. ಕುದಿಸಿದ ನೀರಿನಲ್ಲಿ ನೈಟ್ರೇಟ್ ಸಾಂದ್ರವಾಗುತ್ತದೆ, ಕಡಿಮೆಯಾಗುವುದಿಲ್ಲ. ಉಳಿಯುವುದು ಆರ್‌ಒ ಮತ್ತು ಅದರ ನಂತರ ಡಿಐ.

ಚಿಕ್ಕ ತೊಟ್ಟಿಗೆ ಇದು ಅತಿಯಾಯಿತು ಎಂದು ಕೆಲವರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ತೆರೆದ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ ಎಂದುಕೊಳ್ಳೋಣ. ಆವಿಯಾಗುವುದು ನೀರು ಮಾತ್ರ. ಉಪ್ಪೂ ಉಳಿದ ಲವಣಗಳೂ ಒಳಗೇ ಇರುತ್ತವೆ. ತುಂಬುವ ಪ್ರತಿ ಲೀಟರಿನಲ್ಲಿ 10 ಮಿಲಿಗ್ರಾಂ ನೈಟ್ರೇಟ್ ಇದ್ದರೆ ತಿಂಗಳಿಗೆ 300 ಮಿಲಿಗ್ರಾಂ ಒಳಗೆ ಹೋಗುತ್ತದೆ. 60 ಲೀಟರಿನಲ್ಲಿ ಅದು ಲೀಟರಿಗೆ 5 ಮಿಲಿಗ್ರಾಂ ಹೆಚ್ಚಳ, ಅದೂ ಮೀನಿಗೆ ಒಂದು ಕಾಳು ಆಹಾರ ಹಾಕುವ ಮೊದಲೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಮತ್ತು ಮೆಂಬ್ರೇನ್ ಕ್ಯಾಲ್ಸಿಯಂ ಅನ್ನು ತಡೆಯುವಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಆದ್ದರಿಂದ ಕುಡಿಯಲು ಯೋಗ್ಯವಾದ ನೀರು ಅಕ್ವೇರಿಯಂಗೂ ಯೋಗ್ಯ ಎಂಬ ತರ್ಕ ಇಲ್ಲಿ ನಡೆಯದು.

ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಈಗಿರುವ ಯಂತ್ರದಲ್ಲಿ ಮೆಂಬ್ರೇನಿನಿಂದ ಶುದ್ಧ ನೀರು ಹೊರಬರುವ ಕಾಲು ಇಂಚಿನ ಪೈಪು, ಕಂಟ್ರೋಲರ್‌ನ ಪೈಪನ್ನು ಸೇರುವ ಮೊದಲೇ, ಅಲ್ಲೊಂದು ಟೀ (ಪೈಪನ್ನು ಕವಲೊಡೆಸುವ ಜೋಡಣೆ) ಮತ್ತು ವಾಲ್ವ್ ಹಾಕಿಸಿ, ಆ ಕವಲಿಗೆ ಮಿಕ್ಸೆಡ್ ಬೆಡ್ (ಎರಡು ಬಗೆಯ ಮಣಿಗಳು ಬೆರೆತ) ಡಿಐ ರೆಸಿನ್ ತುಂಬಿದ ಕಾಟ್ರಿಡ್ಜ್ ಜೋಡಿಸಿ. ಡಿಐ ದಾಟಿದ ನೀರು ಮೀಟರಿನಲ್ಲಿ 0 ತೋರಿಸಬೇಕು.

ಕಡಲತಡಿ, ಮಂಗಳೂರು

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ವಿಷಯವನ್ನು ಸೇರಿಸಬಯಸುತ್ತೇನೆ. ಮೀಟರನ್ನು ಮಾತ್ರ ನಂಬಬೇಡಿ. ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ನೀರಿನಲ್ಲಿ ಕರಗಿದ ಸಿಲಿಕಾಕ್ಕೆ (ಮೇಲೆ ಸಿಲಿಕೇಟ್ ಎಂದದ್ದು ಇದನ್ನೇ) ವಿದ್ಯುದಾವೇಶವೇ ಹೆಚ್ಚೂಕಡಿಮೆ ಇಲ್ಲದಿರುವುದರಿಂದ ಅದು ಮೀಟರಿಗೆ ಕಾಣುವುದಿಲ್ಲ. ನಮ್ಮ ನೇತ್ರಾವತಿಯ ನೀರು ಬಹಳ ಮೃದು, ಅಂಕಿ ತೀರಾ ಕಡಿಮೆ. ಹಾಗೆಂದು ಅದನ್ನು ನೇರವಾಗಿ ತುಂಬಿದವರ ತೊಟ್ಟಿಗಳಲ್ಲಿ ಮರಳು ಕಂದುಬಣ್ಣಕ್ಕೆ ತಿರುಗುವುದನ್ನು ಇಲ್ಲಿ ಕಾಣುತ್ತೇವೆ. ನೀವು ಹೇಳಿದ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದರ ಜೀವಕೋಶದ ಕವಚವೇ ಸಿಲಿಕಾದಿಂದ ಆದದ್ದು. ಹೊಸ ತೊಟ್ಟಿಯಲ್ಲಿ ಅದು ಬಂದು ತಾನಾಗಿಯೇ ಹೋಗುವುದು ಸಹಜ. ತಿಂಗಳುಗಳು ಕಳೆದರೂ ಹೋಗದಿದ್ದರೆ ತುಂಬುವ ನೀರನ್ನು ಶಂಕಿಸಬೇಕು.

ಕಡಲ ನೀರನ್ನೇ ತರಿಸಿಕೊಳ್ಳಬಹುದೇ ಎಂದು ಬೆಂಗಳೂರಿನವರು ಆಗಾಗ ಕೇಳುತ್ತಾರೆ. ಮಳೆಗಾಲದಲ್ಲಿ ನದಿಗಳ ಕೆಂಪು ನೀರು ತೀರದುದ್ದಕ್ಕೂ ಬೆರೆತು ಉಪ್ಪಿನಂಶ ಇಳಿಯುತ್ತದೆ, ಕೆಸರೂ ಪೋಷಕಾಂಶಗಳೂ ಏರುತ್ತವೆ; ಆಗ ತರುವುದು ಬೇಡವೇ ಬೇಡ. ಬೇಸಿಗೆಯಲ್ಲಿ ಅಳಿವೆಯಿಂದ ದೂರ, ದೋಣಿಯವರಿಂದ ತರಿಸಿದ ನೀರು ಒಳ್ಳೆಯದಿರಬಹುದು. ಆದರೂ ಆವಿಯಾದಷ್ಟು ಸಿಹಿನೀರು ತುಂಬಲೇಬೇಕು, ಅದಕ್ಕೆ ಡಿಐ ಬೇಕೇ ಬೇಕು.

ಕೆರೆಏರಿ, ಮೈಸೂರು

ನೀರನ್ನು ಶುದ್ಧ ಮಾಡಿದ ಮಾತ್ರಕ್ಕೆ ಈಗಿರುವ ಪಾಚಿ ಮಾಯವಾಗುತ್ತದೆ ಎಂಬ ನಿರೀಕ್ಷೆ ಬೇಡ. ಇಷ್ಟು ದಿನ ಹೀರಿಕೊಂಡ ಫಾಸ್ಫೇಟನ್ನು ಕಲ್ಲು ಮತ್ತು ಮರಳು ನಿಧಾನವಾಗಿ ಬಿಡುತ್ತಲೇ ಇರುತ್ತವೆ. ಮೀನಿನ ಆಹಾರವೂ ಫಾಸ್ಫೇಟಿನ ದೊಡ್ಡ ಮೂಲ. ಎರಡು ಮೀನು ಎರಡು ನಿಮಿಷದಲ್ಲಿ ತಿನ್ನುವಷ್ಟೇ ಹಾಕಿ, ಹೆಪ್ಪುಗಟ್ಟಿದ ಆಹಾರವಾದರೆ ಕರಗಿದ ರಸವನ್ನು ಚಹಾ ಜಾಲರಿಯಲ್ಲಿ ಸೋಸಿ ಚೆಲ್ಲಿ, ವಾರಕ್ಕೆ ಶೇ. 10ರಿಂದ 15ರಷ್ಟು ನೀರು ಬದಲಿಸಿ. ಪಾಚಿಯನ್ನು ನೀರಿನೊಳಗೇ ಉಜ್ಜಿ ಬಿಡದೆ, ಕಲ್ಲನ್ನು ತೊಟ್ಟಿಯಿಂದ ತೆಗೆದ ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟು ಕಿತ್ತರೆ ಅದು ಹೀರಿದ ಪೋಷಕಾಂಶವೂ ಅದರೊಂದಿಗೆ ಹೊರಗೆ ಹೋಗುತ್ತದೆ.

ಹಾಗೆಂದು ತೊಟ್ಟಿಯೊಳಗಿನ ನೈಟ್ರೇಟ್, ಫಾಸ್ಫೇಟ್‌ಗಳನ್ನು ಸೊನ್ನೆಗೆ ಇಳಿಸಲು ಹೊರಡಬೇಡಿ. ಎರಡೂ ಇಲ್ಲವಾದ ತೊಟ್ಟಿಯಲ್ಲಿ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು ಕಂದು ಲೋಳೆಯಾಗಿ ಹಬ್ಬುವುದುಂಟು. ಹಸಿರು ಪಾಚಿಗಿಂತ ಅದನ್ನು ಕಳೆಯುವುದು ಬಹಳ ಕಷ್ಟ. ತುಂಬುವ ನೀರು ಸೊನ್ನೆಯಾಗಿರಲಿ. ತೊಟ್ಟಿಯೊಳಗೆ ಲೀಟರಿಗೆ ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಸಾಕು.

ಹೊಸಅಲೆ, ಬೆಂಗಳೂರು

ಮೂವರಿಗೂ ಧನ್ಯವಾದಗಳು. ಯಂತ್ರವನ್ನು ಬಿಚ್ಚಿ ನೋಡಿದೆ: ಟಿಡಿಎಸ್ ಕಂಟ್ರೋಲರ್ ಇದೆ, ತಾಮ್ರದ ಕಾಟ್ರಿಡ್ಜ್ ಕೂಡ ಇದೆ. ಮೆಂಬ್ರೇನಿನಿಂದ ನೇರವಾಗಿ ಹಿಡಿದ ನೀರು ಆರಂಭದಲ್ಲಿ 70 ತೋರಿಸಿ, ಸ್ವಲ್ಪ ಹೊತ್ತಿನ ಬಳಿಕ 28ಕ್ಕೆ ನಿಂತಿತು. ಹೀಗೇಕೆ? ಡಿಐ ರೆಸಿನ್ ಮುಗಿದದ್ದನ್ನು ತಿಳಿಯುವುದು ಹೇಗೆ? ರೆಸಿನ್ ಬರುವವರೆಗೆ ಬ್ಯಾಟರಿ ನೀರನ್ನು ಬಳಸಬಹುದೇ?

ನೀಲಿಚಿಪ್ಪು

28 ಬಂದಿದ್ದರೆ ನಿಮ್ಮ ಮೆಂಬ್ರೇನ್ ಚೆನ್ನಾಗಿಯೇ ಇದೆ. ಯಂತ್ರ ನಿಂತಿರುವಾಗ ಒಂದು ಬದಿಯ ಲವಣ ನಿಧಾನವಾಗಿ ಇನ್ನೊಂದು ಬದಿಗೆ ಸರಿಯುವುದರಿಂದ ಚಾಲೂ ಮಾಡಿದ ಕೂಡಲೇ ಬರುವ ನೀರಿನ ಅಂಕಿ ಹೆಚ್ಚಿರುತ್ತದೆ. ಆ ಮೊದಲ ನೀರನ್ನು ಡಿಐಗೆ ಬಿಡದೆ ಬೇರೆ ಪಾತ್ರೆಗೆ ಹಿಡಿದರೆ ರೆಸಿನ್ ಗಮನಾರ್ಹವಾಗಿ ಹೆಚ್ಚು ದಿನ ಬಾಳುತ್ತದೆ. ದಿನಕ್ಕೊಂದು ಲೀಟರ್ ಹಿಡಿಯುವ ಬದಲು ವಾರಕ್ಕೆ ಬೇಕಾದ ಹದಿನೈದಿಪ್ಪತ್ತು ಲೀಟರನ್ನು ಒಂದೇ ಸಲ ಆಹಾರ ದರ್ಜೆಯ ಪ್ಲಾಸ್ಟಿಕ್ ಕ್ಯಾನಿಗೆ ಹಿಡಿದಿಡುವುದು ಇದೇ ಕಾರಣಕ್ಕೆ ಉತ್ತಮ.

ರೆಸಿನ್ ಮುಗಿಯುತ್ತ ಬಂದಾಗ ಮೊದಲು ಕೈಬಿಡುವುದು ಸಿಲಿಕೇಟನ್ನು, ಅದು ಮೀಟರಿಗೆ ಕಾಣದು ಎಂದು ಕಡಲತಡಿಯವರು ಹೇಳಿದ್ದಾರೆ. ಆದ್ದರಿಂದ ಅಂಕಿ ಏರುವವರೆಗೆ ಕಾಯದೆ, 1 ಕಂಡೊಡನೆ ಬದಲಿಸಿ. ಬಣ್ಣ ಬದಲಾಗುವ ರೆಸಿನ್ ಸಿಕ್ಕರೆ, ಪಾರದರ್ಶಕ ಹೌಸಿಂಗಿನಲ್ಲಿ ಬಣ್ಣ ಎಲ್ಲಿಯವರೆಗೆ ಏರಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಬ್ಯಾಟರಿ ನೀರು ಖನಿಜ ತೆಗೆದ ನೀರೇ. ಮುದ್ರೆ ಒಡೆಯದ ಕ್ಯಾನ್ ಆಗಿದ್ದು ಮೀಟರ್ 0 ತೋರಿಸಿದರೆ ಕೆಲವು ದಿನಗಳ ಮಟ್ಟಿಗೆ ಬಳಸಬಹುದು. ಆ್ಯಸಿಡ್ ಕ್ಯಾನಿನಲ್ಲಿ ಬಿಡಿಯಾಗಿ ತುಂಬಿಕೊಡುವುದನ್ನು ಮಾತ್ರ ತರಬೇಡಿ. ಯಂತ್ರದಿಂದ ಮೂರು ಪಾಲು ನೀರು ಹೊರಗೆ ಹೋಗಿ ಒಂದು ಪಾಲು ಶುದ್ಧ ನೀರು ಬರುತ್ತಿದ್ದರೆ, ಹೊರಹೋಗುವ ನೀರಿನ ಟಿಡಿಎಸ್ 800ರ ಆಸುಪಾಸಿನಲ್ಲಿರುತ್ತದೆ; ಅದನ್ನು ನೆಲ ಒರೆಸುವುದಕ್ಕೂ ಶೌಚಾಲಯಕ್ಕೂ ಬಕೆಟ್ಟಿನಲ್ಲಿ ಹಿಡಿದಿಡಿ. ಕುಂಡದ ಗಿಡಗಳಿಗೆ ದಿನವೂ ಹಾಕಬೇಡಿ, ಮಣ್ಣಿನಲ್ಲಿ ಉಪ್ಪು ಕಟ್ಟುತ್ತದೆ.

ತಾಮ್ರದ ವಿಷಯಕ್ಕೆ, ತೊಟ್ಟಿಯ ಫಿಲ್ಟರಿನಲ್ಲಿ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಇಟ್ಟು, ಡಿಐ ನೀರಿನಲ್ಲಿ ಕಲಸಿದ ಉಪ್ಪುನೀರಿನಿಂದ ಕೆಲವು ವಾರ ಸತತವಾಗಿ ನೀರು ಬದಲಿಸಿ. ಪರೀಕ್ಷಾ ಕಿಟ್ಟಿನಲ್ಲಿ ತಾಮ್ರ ಕಾಣದಾದ ಮೇಲೆ ಮಾತ್ರ ಹೊಸ ಬಸವನಹುಳುಗಳನ್ನು ತನ್ನಿ.