ಮನೆಯ ಕಸ: ನಿಮ್ಮ ಪ್ರಶ್ನೆಗಳಿಗೆ ಒಣ ಕಸ ಕೇಂದ್ರದಿಂದ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದ ಉಸ್ತುವಾರಿ ನನ್ನದು. ಮನೆಯ ಕಸದ ಬಗ್ಗೆ ನೀವು ಕೇಳಿದ್ದಕ್ಕೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾವು ಹಸಿ, ಒಣ ಅಂತ ಬೇರೆ ಮಾಡಿ ಕೊಡ್ತೀವಿ. ಗಾಡಿಯಲ್ಲಿ ಎಲ್ಲ ಒಟ್ಟಿಗೆ ಸುರೀತಾರೆ. ಮತ್ತೆ ಯಾಕೆ ಒದ್ದಾಡಬೇಕು?

ಉತ್ತರ: ಕೆಲವು ಬೀದಿಗಳಲ್ಲಿ ಹಾಗಾಗುತ್ತಿರುವುದು ನಿಜ. ಬೀದಿಯ ಅರ್ಧ ಮನೆಯವರು ಬೆರಕೆ ಕಸ ಕೊಟ್ಟರೆ ಉಳಿದರ್ಧ ಮನೆಯ ಶ್ರಮವೂ ಅದರ ಜೊತೆ ಹಾಳಾಗುತ್ತದೆ. ನಿಮ್ಮ ಕೈಯಲ್ಲೇ ಇರುವ ದಾರಿ ಒಂದಿದೆ. ಒಣ ಕಸವನ್ನು ದಿನಾ ಕೊಡಬೇಡಿ. ತೊಳೆದು ಒಣಗಿಸಿದ ಪ್ಲಾಸ್ಟಿಕ್ಕು, ಪೇಪರು ತಿಂಗಳಿಟ್ಟರೂ ನಾರುವುದಿಲ್ಲ. ಬಾಲ್ಕನಿಯಲ್ಲಿ ಒಂದು ಗೋಣಿಚೀಲ ಇಡಿ, ತುಂಬಿದಾಗ ಒಣ ಕಸದ ದಿನ ಕೊಡಿ, ಇಲ್ಲವೇ ನಿಮ್ಮ ವಾರ್ಡಿನ ಕೇಂದ್ರಕ್ಕೆ ನೀವೇ ತಂದುಕೊಡಿ. ಆಗ ದಿನದ ಗಾಡಿಗೆ ಹೋಗುವುದು ಹಸಿ ಕಸ ಮಾತ್ರ.

ಮೊದಲು ನಮ್ಮ ಬೆರಕೆ ಕಸವೆಲ್ಲ ಲಾರಿಗಟ್ಟಲೆ ನಗರದಾಚೆಯ ಹಳ್ಳಿಗಳಾದ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗುತ್ತಿತ್ತು. ನೀರು ಕೆಟ್ಟು, ನೊಣ, ವಾಸನೆ ತಡೆಯಲಾಗದೆ ಆ ಊರಿನವರು ಬೀದಿಗಿಳಿದರು. 2012ರಲ್ಲಿ ಮಾವಳ್ಳಿಪುರದಲ್ಲಿ, 2014ರ ಕೊನೆಗೆ ಮಂಡೂರಿನಲ್ಲಿ ಕಸ ಸುರಿಯುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಬಿನ್, ಒಂದು ಬ್ಯಾಗ್’ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಬಿನ್, ಪ್ಯಾಡು ಡಯಾಪರಿಗೆ ಕೆಂಪು ಬಿನ್, ಒಣ ಕಸಕ್ಕೆ ಬ್ಯಾಗ್. ಬೇರೆ ಮಾಡದ ಕಸ ಇಂದಿಗೂ ಯಾವುದೋ ಹಳ್ಳಿಯ ಪಕ್ಕಕ್ಕೇ ಹೋಗುತ್ತದೆ. ಗಾಡಿಯವರ ಮೇಲಿನ ಸಿಟ್ಟಿಗೆ ಆ ಊರಿನವರು ಯಾಕೆ ದಂಡ ತೆರಬೇಕು?

ಪ್ರಶ್ನೆ: ಪ್ಲಾಸ್ಟಿಕ್ ಎಲ್ಲವನ್ನೂ ತೊಳೀಬೇಕಾ? ನೀರು ದಂಡ ಅಲ್ವಾ? ಯಾವುದು ನಿಜವಾಗಿ ಮರುಬಳಕೆಗೆ ಹೋಗುತ್ತೆ?

ಉತ್ತರ: ಹೊಸ ನೀರು ಬೇಡ. ಪಾತ್ರೆ ತೊಳೆದ ಕೊನೆಯ ನೀರಲ್ಲಿ ಒಮ್ಮೆ ಅದ್ದಿ ತೆಗೆದು ಕವುಚಿಟ್ಟರೆ ಸಾಕು. ಮುಖ್ಯವಾದದ್ದು ಒಣಗಿಸುವುದು. ನಮ್ಮಲ್ಲಿ ಬಂದ ಚೀಲವನ್ನು ನೆಲಕ್ಕೆ ಸುರಿದು ಹೆಣ್ಣುಮಕ್ಕಳು ಕೈಯಲ್ಲೇ ಆರಿಸುತ್ತಾರೆ. ಒಂದೇ ಒಂದು ಸಾಂಬಾರಿನ ಪಾರ್ಸೆಲ್ ಡಬ್ಬ ಮುಚ್ಚಳ ಬಿಚ್ಚಿಕೊಂಡರೆ ಆ ಚೀಲದ ನ್ಯೂಸ್‌ಪೇಪರು, ರಟ್ಟು ಅಷ್ಟೂ ಎಣ್ಣೆ ಹಿಡಿಯುತ್ತದೆ. ಎಣ್ಣೆ ಹಿಡಿದ ಕಾಗದವನ್ನು ಕಾಗದದ ಗಿರಣಿ ತಗೊಳ್ಳುವುದಿಲ್ಲ. ಒಂದು ದಿನ ಕಟ್ಟಿಟ್ಟರೆ ಒಳಗೆ ಹುಳ ಆಡುತ್ತಿರುತ್ತವೆ. ಅದರೊಳಗೆ ಕೈ ಹಾಕುವವರು ಮನುಷ್ಯರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಹಾಲಿನ ಪ್ಯಾಕೆಟ್ ಒಳ್ಳೆಯ ಮಾಲು, ತಗೊಳ್ಳುವವರು ಇದ್ದಾರೆ. ಆದರೆ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಚೂರನ್ನು ಯಾರೂ ಆರಿಸಲಾರರು, ಅದು ಚರಂಡಿಗೆ ಹೋಗುತ್ತದೆ. ಅರ್ಧ ಕತ್ತರಿಸಿ ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ, ತೊಳೆದು ಸಿಂಕಿನ ಮೇಲೆ ಕ್ಲಿಪ್ ಹಾಕಿ ನೇತುಹಾಕಿ.

ಗಟ್ಟಿ ಡಬ್ಬದ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇರುತ್ತದೆ. 1 ಅಂದರೆ ನೀರಿನ, ಜ್ಯೂಸಿನ ಬಾಟಲಿ. 2 ಅಂದರೆ ಶಾಂಪೂ, ಫಿನಾಯಿಲ್ ಡಬ್ಬ. 5 ಅಂದರೆ ಹೆಚ್ಚಾಗಿ ಊಟದ ಪಾರ್ಸೆಲ್ ಡಬ್ಬ. ಈ ಮೂರಕ್ಕೂ ಕೊಳ್ಳುವವರಿದ್ದಾರೆ. 3 ಮತ್ತು 6, ಅಂದರೆ ಪಿವಿಸಿ ಮತ್ತು ಥರ್ಮಾಕೋಲ್ ಜಾತಿಯವು, ನಮ್ಮಲ್ಲಿ ಬಿದ್ದೇ ಇರುತ್ತವೆ. ಕೊಳ್ಳುವಾಗಲೇ ಅವನ್ನು ಬಿಟ್ಟುಬಿಡುವುದು ವಾಸಿ.

ಪ್ರಶ್ನೆ: ಚಿಪ್ಸ್, ಬಿಸ್ಕತ್ ಪ್ಯಾಕೆಟ್ಟು?

ಉತ್ತರ: ಒಳಗೆ ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಂ ಲೇಪದ ಪದರ. ಮುಷ್ಟಿಯಲ್ಲಿ ಹಿಸುಕಿ ಬಿಡಿ, ಮತ್ತೆ ಅರಳಿದರೆ ಅದು ಪದರಪದರದ ಪ್ಲಾಸ್ಟಿಕ್. ಪದರಗಳನ್ನು ಬಿಡಿಸಲಾಗದ್ದರಿಂದ ಅದರಿಂದ ಹೊಸ ಪ್ಲಾಸ್ಟಿಕ್ ಮಾಡುವುದು ಕಷ್ಟ. ಬಹಳಷ್ಟು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಒಣ ಕಸಕ್ಕೇ ಹಾಕಿ, ಹಸಿ ಕಸಕ್ಕಂತೂ ಬೇಡ. ಅಂಗಡಿಯಿಂದ ಅಳತೆಗೆ ತೂಗಿಸಿಕೊಂಡು ನಿಮ್ಮ ಡಬ್ಬದಲ್ಲೇ ತರುವ ರೂಢಿ ಇದ್ದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಗೊಬ್ಬರ ಮಾಡೋಕೆ ಮಣ್ಣಿನ ಮಡಕೆ ತಂದೆ. ಎರಡೇ ವಾರಕ್ಕೆ ಕೆಟ್ಟ ವಾಸನೆ, ದಪ್ಪ ಹುಳ. ಅತ್ತೆ ಹೊರಗೆ ಇಡಿಸಿದ್ದಾರೆ. ಬಿಟ್ಟುಬಿಡಲಾ?

ಉತ್ತರ: ದಯವಿಟ್ಟು ಬಿಡಬೇಡಿ. ವಾಸನೆ ಬಂದರೆ ಒಳಗೆ ಗಾಳಿ ಆಡುತ್ತಿಲ್ಲ, ನೀರು ಹೆಚ್ಚಾಗಿದೆ ಎಂದರ್ಥ. ನಮ್ಮ ಅಡುಗೆಮನೆಯ ಕಸದಲ್ಲಿ ನೀರೇ ಹೆಚ್ಚು: ಸೋರೆಕಾಯಿ ಸಿಪ್ಪೆ, ಕಲ್ಲಂಗಡಿ, ಚಹಾದ ಚರಟ. ಪ್ರತಿ ಸಲ ಹಾಕಿದಾಗಲೂ ಅಷ್ಟೇ ಅಳತೆಯ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಮೇಲೆ ಮುಚ್ಚಬೇಕು. ಜಿಪುಣತನ ಬೇಡ. ಬೀದಿ ಗುಡಿಸಿದ ಒಣ ಎಲೆಗೆ ಬೆಂಕಿ ಹಾಕುವುದನ್ನು ನೋಡುತ್ತೀರಲ್ಲ, ಅದನ್ನೇ ಒಂದು ಚೀಲ ತುಂಬಿಸಿಕೊಂಡು ಬನ್ನಿ.

ಈಗ ಆಗಿರುವುದನ್ನು ಹೀಗೆ ಸರಿ ಮಾಡಿ. ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಸುರಿದು, ಒಣ ಎಲೆ ಸೇರಿಸಿ, ಉದುರು ಉದುರಾಗುವವರೆಗೆ ಕಲಸಿ. ಒಂದು ಹಿಡಿ ತಗೊಂಡು ಹಿಂಡಿ ನೋಡಿ: ನೀರು ತೊಟ್ಟಿಕ್ಕಿದರೆ ಇನ್ನೂ ಒಣದ್ದು ಬೇಕು, ಕೈ ತೇವವಾಗಿ ಉಂಡೆ ನಿಂತರೆ ಹದ ಬಂತು. ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ ಮತ್ತೆ ಮಡಕೆಗೆ ತುಂಬಿ. ವಾರಕ್ಕೆರಡು ಸಲ ಕೋಲಿನಲ್ಲಿ ಕೆದಕಿ.

ಆ ದಪ್ಪ ಕಂದು ಹುಳಗಳು ಕಚ್ಚುವುದಿಲ್ಲ, ರೋಗ ತರುವುದಿಲ್ಲ. ಬಹುಪಾಲು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ. ತೇವ ಕಡಿಮೆಯಾದರೆ ತಾವೇ ಕಡಿಮೆಯಾಗುತ್ತವೆ. ಅತ್ತೆಗೆ ಇದನ್ನೇ ಹೇಳಿ. ಎರಡು ಮೂರು ತಿಂಗಳಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆ ಬರುವ ಗೊಬ್ಬರವನ್ನು ಅವರ ತುಳಸಿ ಕಟ್ಟೆಗೇ ಮೊದಲು ಹಾಕಿ.

ಪ್ರಶ್ನೆ: ಪ್ಯಾಡ್, ಡಯಾಪರ್ ಹೇಗೆ ಕೊಡಬೇಕು?

ಉತ್ತರ: ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಗುರುತಿಲ್ಲದಿದ್ದರೆ ಆರಿಸುವವರು ಏನೆಂದು ತಿಳಿಯದೆ ಬಿಚ್ಚುತ್ತಾರೆ. ಒಡೆದ ಗಾಜನ್ನೂ ಪೇಪರಿನಲ್ಲಿ ಸುತ್ತಿ ‘ಗಾಜು’ ಅಂತ ದೊಡ್ಡದಾಗಿ ಬರೆಯಿರಿ.

ಪ್ರಶ್ನೆ: ಮುಂದಿನ ತಿಂಗಳು ಗೃಹಪ್ರವೇಶ, ಇನ್ನೂರು ಜನ. ಪೇಪರ್ ಪ್ಲೇಟ್, ಪೇಪರ್ ಕಪ್ ತಂದರೆ ಪರವಾಗಿಲ್ವಾ?

ಉತ್ತರ: ಪೇಪರ್ ಕಪ್ಪಿನ ಒಳಗೋಡೆಯನ್ನು ಉಗುರಿನಿಂದ ಕೆರೆದು ನೋಡಿ, ತೆಳು ಪ್ಲಾಸ್ಟಿಕ್ ಪೊರೆ ಸಿಗುತ್ತದೆ. ಕಾಗದದ ಗಿರಣಿಗೂ ಬೇಡ, ಗೊಬ್ಬರಕ್ಕೂ ಬೇಡ. ಬಾಳೆ ಎಲೆ ಊಟ ಹಾಕಿಸಿ, ಸ್ಟೀಲ್ ಲೋಟ ಬಾಡಿಗೆಗೆ ತನ್ನಿ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ನಿವಾಸಿಗಳೇ ತಟ್ಟೆ ಲೋಟದ ಬ್ಯಾಂಕ್ ಇಟ್ಟುಕೊಂಡಿದ್ದಾರೆ, ನಿಮ್ಮ ಬಡಾವಣೆಯಲ್ಲೂ ವಿಚಾರಿಸಿ. ನೀರಿಗೆ ಪುಟ್ಟ ಬಾಟಲಿ ಹಂಚಬೇಡಿ, ಕ್ಯಾನ್ ಇಡಿಸಿ. ಅಡುಗೆಯವರ ಹತ್ತಿರ ಮೊದಲೇ ಮಾತಾಡಿ: ಎಂಜಲೆಲೆ ಬೇರೆ ಡ್ರಮ್, ಪ್ಲಾಸ್ಟಿಕ್ ಬೇರೆ ಚೀಲ. ಊಟ ಮುಗಿದ ಮೇಲೆ ಹೇಳಿದರೆ ಯಾರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಪ್ರಶ್ನೆ: ಹಳೇ ಚಾರ್ಜರ್, ಸೆಲ್, ಟ್ಯೂಬ್‌ಲೈಟ್?

ಉತ್ತರ: ಇವು ಒಣ ಕಸವಲ್ಲ. ಎಲ್‌ಇಡಿ ಅಲ್ಲದ ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಒಡೆಯಬೇಡಿ, ಬಂದ ರಟ್ಟಿನ ಕವಚದಲ್ಲೇ ಇಡಿ. ಸೆಲ್ಲುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಿ. ಎಲ್ಲವನ್ನೂ ಸೇರಿಸಿ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಪೆಟ್ಟಿಗೆ ಇಟ್ಟು ತುಂಬಿದಾಗ ಕರೆದರೆ ಅವರೇ ಬಂದು ಒಯ್ಯುತ್ತಾರೆ.